ಬಾಲಂಗೋಚಿಯ ಲಗ್ನಪತ್ರಿಕೆ

ತಂಗಿಯ ಲಗ್ನಪತ್ರಿಕೆ ಹಂಚಿ ಐದು ದಿನವಾಯಿತು. ನಿನ್ನೆ ರಾತ್ರಿ ರೊಟ್ಟಿ ಮುರಿಯುವಷ್ಟರಲ್ಲಿ ಮುಂಡರಗಿಯ ಕಾಕಾ ನಾಲ್ಕನೆಯ ಸಲ ಫೋನ್ ಮಾಡಿದರು.

"ತಮ್ಮಾ, ಮದುವೆ ಹದಿನಾರಕ್ಕೋ ಹದಿನೇಳಕ್ಕೋ?"

ಹದಿನೇಳಕ್ಕೆ ಎಂದೆ. ಹಿಂದಿನ ಮೂರು ಸಲವೂ ಅದನ್ನೇ ಅಂದಿದ್ದೆ.

"ನೀನು ಹೇಳುವುದು ಖರೆ. ಆದರೆ ಅಚ್ಚಾದದ್ದು ಹದಿನಾರು ಇದೆಯಲ್ಲ!"

ಅಚ್ಚಿಗಿರುವ ಬೆಲೆ ಅಣ್ಣನ ಮಗನ ಮಾತಿಗಿಲ್ಲ. ಕನ್ನಡದ ೬ ಮತ್ತು ೭ ನೆಟ್ಟಗೆ ಬರೆದರೇ ಅವಳಿಜವಳಿ. ಬಾಲ ನೋಡಿ ಗುರುತು ಹಿಡಿಯಬೇಕು. ನಮ್ಮ ಪತ್ರಿಕೆಯಲ್ಲಿ ಬಾಲವಿಲ್ಲದ ಅಕ್ಷರವೇ ಇಲ್ಲ.

"ಲುಕ್ ಬರಬೇಕು ಸರ್" ಎಂದಿದ್ದ ಗದಗಿನ ಡಿಟಿಪಿ ಹುಡುಗ. ನುಡಿ ಎಂಬ ಕನ್ನಡ ಫಾಂಟಿನಲ್ಲಿ ಹೊಡೆದ ಹಳೆಯ ಮ್ಯಾಟರಿಗೆ ಅವನು ಮೊದಲು ಇಂಗ್ಲಿಷ್ ಫಾಂಟ್ ಹಾಕಿಬಿಟ್ಟ. ವರನ ಹೆಸರಿನ ನಕಾರವೆಲ್ಲ ಪೌಂಡ್ ಚಿಹ್ನೆಯಾಗಿ ಕುಳಿತವು. ವರ ನರಗುಂದದವನು, ಪರದೆಯ ಮೇಲೆ ಲಂಡನ್ನಿನ ಅಳಿಯನಾಗಿದ್ದ. ಆಮೇಲೆ ಬಂದದ್ದು ಬಾಲ ಬಿಡುವ ಕ್ಯಾಲಿಗ್ರಫಿ ಫಾಂಟು. ಆಗಮನಾಭಿಲಾಷಿಗಳ ಪಟ್ಟಿ ಪುಟದಲ್ಲಿ ಹಿಡಿಯಲಿಲ್ಲವೆಂದು ಸಾಲುಗಳ ನಡುವಿನ ಜಾಗವನ್ನು ಹಿಂಡಿದ. ಕನ್ನಡಕ್ಕೆ ಕೆಳಗೂ ಕಾಲು ಚಾಚಲು ಜಾಗ ಬೇಕು. 'ಲಗ್ನ'ದ ನಕಾರದ ಒತ್ತು ಜೋತುಬಿದ್ದು, ಕೆಳಸಾಲಿನ ಶುಕ್ರವಾರವನ್ನು ಅರ್ಧ ನುಂಗಿತು. ಉಳಿದರ್ಧ ಗುರುವಾರವೂ ಆಗಬಹುದು. ಹೀಗಾಗಿ ಕಾಕಾನ ಹದಿನಾರಕ್ಕೆ ವಾರದ ಸಾಕ್ಷಿಯೂ ಸಿಕ್ಕಿದೆ.

ಇಂಗ್ಲಿಷ್ ಬದಿಗೆ ಎಡ್ವರ್ಡಿಯನ್ ಸ್ಕ್ರಿಪ್ಟ್ ಎಂಬ ಸುರುಳಿ ಫಾಂಟು, ಅದೂ ಎಲ್ಲ ದೊಡ್ಡಕ್ಷರ. ಅಂಥ ದೊಡ್ಡಕ್ಷರ ಹೆಸರಿನ ಮೊದಲಿಗೊಂದು ಇದ್ದರೆ ಚೆಂದ. ಇಲ್ಲಿ ಒಂದರ ಸುರುಳಿ ಇನ್ನೊಂದರ ಕುತ್ತಿಗೆಗೆ ಸುತ್ತಿಕೊಂಡಿದೆ. ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಅಕ್ಕನ ಮಗ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಾಮಾ, ಇದು ಯಾವ ಭಾಷೆ?" ಎಂದ.

ಪ್ರೂಫ್ ನೋಡಿದವರು ಯಾರು ಎಂದು ಮನೆಯಲ್ಲಿ ಕೇಳುತ್ತಿದ್ದಾರೆ. ನಾನೇ. ಮೊಬೈಲಿನಲ್ಲಿ ಎರಡು ಬೆರಳಿಂದ ಹಿಗ್ಗಿಸಿ ನೋಡಿ, ಭಾರಿ ಚೆನ್ನಾಗಿದೆ ಎಂದಿದ್ದೆ. ಅಚ್ಚಾದ ಕಾಗದ ಹಿಗ್ಗುವುದಿಲ್ಲ.

ಸಿಟ್ಟಿನಲ್ಲಿ ಟ್ರಂಕು ತೆಗೆದು ಅಪ್ಪ-ಅವ್ವನ ಲಗ್ನಪತ್ರಿಕೆ ಹುಡುಕಿದೆ. ಮುದ್ರಣಕ್ಕೇ ಹೆಸರಾದ ಇದೇ ಗದಗಿನಲ್ಲಿ ಅಚ್ಚಾದದ್ದು. ಕೆಂಪು ಶಾಯಿ, ಮೂಲೆಗೆ ಮಾಸಿದ ಅರಿಸಿನ. ಕನ್ನಡಿಯೊಳಗಿನಂತೆ ತಿರುವುಮುರುವಾದ ಅಚ್ಚುಮೊಳೆಗಳನ್ನು ಯಾರೋ ಒಂದೊಂದಾಗಿ ಹೆಕ್ಕಿ ಜೋಡಿಸಿದ್ದಾರೆ. ಹಿಂಬದಿಯಲ್ಲಿ ಬೆರಳಾಡಿಸಿದರೆ ಮೊಳೆ ಒತ್ತಿದ ಉಬ್ಬು ಇನ್ನೂ ಹತ್ತುತ್ತದೆ. ಕನ್ನಡಕವಿಲ್ಲದೆ ಅವ್ವ ತನ್ನ ಹೆಸರನ್ನು ಓದಿದಳು. ಆಮೇಲೆ ಅಪ್ಪನದನ್ನು, ಸ್ವಲ್ಪ ನಿಧಾನವಾಗಿ.

ಇಂದು ಬೆಳಿಗ್ಗೆ ಐದನೆಯ ಫೋನ್.

"ತಮ್ಮಾ, ಹದಿನಾರಕ್ಕೇ ಬಂದುಬಿಡುತ್ತೇನೆ. ಹದಿನೇಳಾದರೆ ಉಳಿದರಾಯಿತು. ಎರಡು ಹಾಸಿಗೆ ತೆಗೆದಿಡು, ನಿನ್ನ ಚಿಗವ್ವನೂ ಬರುತ್ತಾಳೆ. ಅಂದಹಾಗೆ, ಮದುವೆ ನಡೆಯುವ ಜಾಗ ಯಾವುದೆಂದು ಓದಲು ಬರುತ್ತಿಲ್ಲ."