‘ಸಂಭಾವಿತ’ ಎಂಬ ಆದರ್ಶ ಗಂಡಸಿಗೆ ಇನ್ನೂ ಬೇಕೇ?

ಪರ

1980ರಲ್ಲಿ ಭಾರತೀಯ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕಾಗಿ ನಡೆದ ಟೆಸ್ಟ್ ಪಂದ್ಯ. 58 ರನ್ನಿಗೆ ಐದು ವಿಕೆಟ್ ಕಳೆದುಕೊಂಡಿದ್ದ ಇಂಗ್ಲೆಂಡನ್ನು ಇಯಾನ್ ಬೋಥಮ್ ಮತ್ತು ಬಾಬ್ ಟೇಲರ್ ಎತ್ತಿ ನಿಲ್ಲಿಸಲು ಹೆಣಗುತ್ತಿದ್ದರು. ಟೇಲರ್ ಕ್ಯಾಚ್ ಔಟೆಂದು ಅಂಪೈರ್ ತೀರ್ಪು ಕೊಟ್ಟರು. ಚೆಂಡು ಬ್ಯಾಟಿಗೆ ತಗುಲಿಲ್ಲವೆಂದು ಭಾರತದ ನಾಯಕ ಗುಂಡಪ್ಪ ವಿಶ್ವನಾಥ್ ಅವರಿಗೆ ಖಚಿತವಾಗಿತ್ತು. ಟೇಲರ್ ಅವರನ್ನು ಮರಳಿ ಕರೆಸಿದರು. ಆ ಜೊತೆಯಾಟ 171 ರನ್ನುಗಳಿಗೆ ಬೆಳೆಯಿತು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು.

ಸಂಭಾವಿತ ಯಾರು ಎಂದು ಕೇಳಿದರೆ ನನಗೆ ನೆನಪಾಗುವುದು ಆ ಸೋಲು. ತೀರ್ಪು ತನ್ನ ಕಡೆಗಿದೆ, ಬಾಯಿ ಮುಚ್ಚಿಕೊಂಡಿದ್ದರೆ ಯಾರೂ ದೂಷಿಸುವುದಿಲ್ಲ, ಆದರೂ ಸುಮ್ಮನಿರಲಾಗುವುದಿಲ್ಲ. ಇಂದು ಇಂಥ ಗಳಿಗೆಗಳು ದಿನವೂ ಎದುರಾಗುತ್ತವೆ. ಕಿರಿಯರು ಮಾಡಿದ ಕೆಲಸದ ಹೆಸರು ತನಗೆ ಬರುವಾಗ ‘ಇದು ಅವರ ದುಡಿಮೆ’ ಎನ್ನಬೇಕು. ಮುರಿದುಹೋದ ಪ್ರೀತಿಯ ಫೋಟೊಗಳು ಮೊಬೈಲಿನಲ್ಲಿ ಉಳಿದಿರುವಾಗ, ಎಷ್ಟೇ ಕೋಪವಿದ್ದರೂ ಅವುಗಳನ್ನು ಅಸ್ತ್ರ ಮಾಡಿಕೊಳ್ಳಬಾರದು. ಗೆಳೆಯರ ನಡುವೆ ಹೆಣ್ಣೊಬ್ಬಳ ಬಗ್ಗೆ ಹಗುರ ಮಾತು ಬಂದಾಗ ‘ಸಾಕು’ ಎನ್ನಬೇಕು. ಈ ಕೊನೆಯದೇ ಎಲ್ಲಕ್ಕಿಂತ ಕಷ್ಟ, ಏಕೆಂದರೆ ಅಲ್ಲಿ ಎದುರಿಗಿರುವವರು ನಮ್ಮವರೇ.

ಬೆಳೆಯುವ ಹುಡುಗನಿಗೆ ‘ಮಾಡಬೇಡ’ಗಳ ಪಟ್ಟಿ ಸಾಲದು. ಅದು ಭಯ ಹುಟ್ಟಿಸಬಹುದು, ಆಸೆ ಹುಟ್ಟಿಸಲಾರದು. ತಾನೂ ಇವರ ಹಾಗಾಗಬೇಕು ಎಂದು ಅವನು ಬಯಸುವಂಥ ಗಂಡಸು ಅವನ ಕಣ್ಣೆದುರಿಗಿರಬೇಕು. ಅಂಥವನನ್ನು ಕರೆಯಲು ಹೆಸರೊಂದು ಬೇಡವೇ?

ವಿರೋಧ

ಕ್ರಿಕೆಟ್ಟಿನ ಮಾತು ಬಂದಿರುವುದರಿಂದ ಅಲ್ಲಿಂದಲೇ ಶುರು ಮಾಡುತ್ತೇನೆ. ಇಂಗ್ಲೆಂಡಿನಲ್ಲಿ 1806ರಲ್ಲಿ ಆರಂಭವಾಗಿ 1962ರವರೆಗೆ ನಡೆದ ಪಂದ್ಯವೊಂದರಲ್ಲಿ ಒಂದು ತಂಡದ ಹೆಸರು ‘ಜಂಟಲ್‌ಮೆನ್’, ಅಂದರೆ ಸಂಭಾವಿತರು; ಇನ್ನೊಂದರದು ‘ಪ್ಲೇಯರ್ಸ್’, ಅಂದರೆ ಆಟಗಾರರು. ಹವ್ಯಾಸಕ್ಕೆ ಆಡುವ ಉಳ್ಳವರು ಮೊದಲಿನವರು. ಆಡಿ ಹೊಟ್ಟೆ ಹೊರೆಯುವವರು ಎರಡನೆಯವರು. ಬೇರೆ ಪಂದ್ಯಗಳಲ್ಲಿ ಒಂದೇ ತಂಡದಲ್ಲಿ ಆಡುವಾಗಲೂ ಇಬ್ಬರಿಗೂ ಬೇರೆ ಬೇರೆ ಡ್ರೆಸ್ಸಿಂಗ್ ಕೋಣೆಗಳಿರುತ್ತಿದ್ದವು. ಎಷ್ಟು ಪ್ರಾಮಾಣಿಕನಾಗಿ ಆಡಿದರೂ ಸಂಬಳದ ಆಟಗಾರ ಆ ಇನ್ನೊಂದು ಬಾಗಿಲನ್ನು ದಾಟುವಂತಿರಲಿಲ್ಲ. ಜಂಟಲ್‌ಮನ್ ಎಂಬುದರ ಮೂಲ ಅರ್ಥವೇ ಒಳ್ಳೆಯ ಮನೆತನದಲ್ಲಿ ಹುಟ್ಟಿದವನು ಎಂದು.

ಅರ್ಥ ಈಗ ಬದಲಾಗಿದೆ ಎಂದು ನೀವು ಹೇಳಬಹುದು. ಎಷ್ಟು ಬದಲಾಗಿದೆ? ನಾನು ಹಿಂದೆ ದುಡಿಯುತ್ತಿದ್ದ ಕಚೇರಿಯೊಂದರಲ್ಲಿ ಕಿರಿಯ ಸಹೋದ್ಯೋಗಿಯೊಬ್ಬರು ಹಿರಿಯ ಅಧಿಕಾರಿಯ ವಿರುದ್ಧ ದೂರು ಕೊಟ್ಟರು. ‘ಅವರಂಥ ಸಂಭಾವಿತರು ಹಾಗೆ ಮಾಡುವುದುಂಟೇ?’ ಎಂಬುದೇ ಎಲ್ಲರ ಬಾಯಿಂದ ಬಂದ ಮೊದಲ ಮಾತು. ಆ ಮಾತನ್ನು ನಾನೂ ಆಡಿದ್ದೆ. ಅವರು ಎಂದೂ ದನಿ ಏರಿಸಿದವರಲ್ಲ, ಲಿಫ್ಟಿನಲ್ಲಿ ಹೆಂಗಸರನ್ನು ಮೊದಲು ಬಿಟ್ಟು ತಾವು ಹಿಂದೆ ನಿಲ್ಲುತ್ತಿದ್ದರು. ನಾವು ಕಂಡಿದ್ದು ಅಷ್ಟೇ. ಮುಚ್ಚಿದ ಬಾಗಿಲಿನ ಹಿಂದೆ ಅವರು ಹೇಗಿದ್ದರೆಂದು ಬಲ್ಲವರು ಆಕೆ ಒಬ್ಬರೇ.

ವಿಶ್ವನಾಥ್ ಮಾಡಿದ್ದು ದೊಡ್ಡದು, ಅನುಮಾನವಿಲ್ಲ. ಆದರೆ ಅದನ್ನು ಪ್ರಾಮಾಣಿಕತೆ ಎಂದರೆ ಏನು ಕಡಿಮೆಯಾಗುತ್ತದೆ? ಆ ಗುಣ ಗಂಡಸಿನದೇ ಏಕಾಗಬೇಕು? ಕ್ರಿಕೆಟ್ ನಿಯಮಗಳೇ 2021ರಲ್ಲಿ ‘ಬ್ಯಾಟ್ಸ್‌ಮನ್’ ಪದವನ್ನು ಬಿಟ್ಟು ‘ಬ್ಯಾಟರ್’ ಎಂದವು. ಒಂದೊಂದು ನಡತೆಗೂ ಅದರದೇ ಹೆಸರಿರಲಿ. ಮನುಷ್ಯನಿಗೆ ಒಟ್ಟಾಗಿ ಕೊಡುವ ಬಿರುದು ಅವನ ಮುಂದಿನ ನಡತೆಗೂ ಜಾಮೀನು ನಿಂತುಬಿಡುತ್ತದೆ.

ಕೆಲವೇ ತಿಂಗಳಲ್ಲಿ ಆ ಸಹೋದ್ಯೋಗಿ ಕೆಲಸ ಬಿಟ್ಟರು. ದೂರಿನಲ್ಲಿ ದಿನಾಂಕವಿತ್ತು, ವೇಳೆಯಿತ್ತು, ಯಾವ ಕೋಣೆ ಎಂಬುದೂ ಇತ್ತು. ನಾವು ಯಾರೂ ಅದನ್ನು ಕೊನೆಯವರೆಗೆ ಓದಿರಲಿಲ್ಲ.