ಆಮೆಮರಿಗಳನ್ನು ಸಾಕಿ ನದಿಗೆ ಬಿಡಬೇಕೇ?

ಪರ: ಕೊಳದಲ್ಲಿ ಬೆಳೆದದ್ದೇ ನದಿಗೆ ಉಳಿಯುವುದು

ಬಟಾಗುರ್ ಕಚುಗಾ ಎಂಬ ನದಿಯಾಮೆಗೆ ಗಟ್ಟಿ ನೆಲೆ ಎಂದು ಉಳಿದಿರುವುದು ಚಂಬಲ್ ನದಿಯೊಂದೇ. ಮಾರ್ಚ್–ಏಪ್ರಿಲ್‌ನಲ್ಲಿ ಹೆಣ್ಣುಗಳು ಮರಳುದಿಬ್ಬ ಹತ್ತಿ ಮೊಟ್ಟೆ ಇಡುತ್ತವೆ. ಬಹಳ ಸಲ ಮೊದಲ ರಾತ್ರಿಯೇ ನರಿಗಳು ವಾಸನೆ ಹಿಡಿದು ಗುಂಡಿ ತೋಡುತ್ತವೆ. ನರಿಯಿಂದ ಉಳಿದ ಗೂಡಿಗೆ ಅಣೆಕಟ್ಟೆಯಿಂದ ಏಕಾಏಕಿ ಬಿಟ್ಟ ನೀರಿನ ಭಯ, ಟ್ರ್ಯಾಕ್ಟರಿನಲ್ಲಿ ಮರಳು ಎತ್ತುವವರ ಭಯ.

ಆದ್ದರಿಂದ ಬೆಳಗಾಗುತ್ತಲೇ ಮರಳಿನ ಮೇಲಿನ ಜಾಡು ಹಿಡಿದು ಗೂಡು ಹುಡುಕಬೇಕು. ಕೈಯಿಂದಲೇ ಮರಳು ಸರಿಸಿ, ಪ್ರತಿ ಮೊಟ್ಟೆಯ ಮೇಲ್ಭಾಗಕ್ಕೆ ಪೆನ್ಸಿಲ್ ಗುರುತು ಹಾಕಬೇಕು. ಇಟ್ಟ ಕೆಲವು ಗಂಟೆಗಳಲ್ಲಿ ಭ್ರೂಣ ಚಿಪ್ಪಿನ ಒಳಪದರಕ್ಕೆ ಅಂಟಿಕೊಳ್ಳತೊಡಗುತ್ತದೆ. ಆಮೇಲೆ ಮೊಟ್ಟೆ ಉರುಳಿದರೆ ಭ್ರೂಣ ಸಾಯಬಹುದು. ತೇವದ ಮರಳು ಹಾಸಿದ ಬಕೆಟ್ಟಿನಲ್ಲಿ ಅಲುಗದಂತೆ ತಂದು, ಮೂಲ ಗೂಡು ಎಷ್ಟು ಆಳವಿತ್ತೋ ಅಷ್ಟೇ ಆಳದಲ್ಲಿ ಮತ್ತೆ ಹೂಳಬೇಕು. ಸುತ್ತಲಿನ ತಂತಿಬಲೆ ನೆಲದೊಳಕ್ಕೂ ಇಳಿದಿರಬೇಕು. ಇಲ್ಲದಿದ್ದರೆ ಉಡ ಅಡಿಯಿಂದ ನುಗ್ಗುತ್ತದೆ.

ಮಳೆಗಾಲಕ್ಕೆ ಮುಂಚೆ, ಮೇ–ಜೂನ್‌ನಲ್ಲಿ, ಮೊಟ್ಟೆ ಒಡೆಯುತ್ತವೆ. ಅಂಗೈಯಲ್ಲಿ ಅಡಗುವ ಆ ಮರಿಯನ್ನು ಹಾಗೆಯೇ ಬಿಟ್ಟರೆ ಹಕ್ಕಿ, ಮೀನು, ಮೊಸಳೆ ಎಲ್ಲದಕ್ಕೂ ತುತ್ತು. ಕೆಲವು ವರ್ಷ ಸಾಕಿದರೆ ಚಿಪ್ಪು ಬಲಿಯುತ್ತದೆ, ಅಂಚಿನ ಫಲಕಗಳಿಗೆ ಗುರುತಿನ ಕಚ್ಚು ಹಾಕುವಷ್ಟು ದೊಡ್ಡದೂ ಆಗುತ್ತದೆ. ಮುಂದೆ ಸಿಕ್ಕಾಗ ಯಾವ ವರ್ಷದ ಮರಿ ಎಂದು ಗೊತ್ತಾಗುತ್ತದೆ.

ಇದರದೇ ಕುಲದ, ಮ್ಯಾನ್ಮಾರ್‌ನ ಬಟಾಗುರ್ ಟ್ರಿವಿಟಾಟಾ ಆಮೆ ನಿರ್ನಾಮವಾಯಿತೆಂದೇ ಎಲ್ಲರೂ ನಂಬಿದ್ದರು. ಈ ಶತಮಾನದ ಆರಂಭದಲ್ಲಿ ಮತ್ತೆ ಸಿಕ್ಕಾಗ ಚಿಂದ್ವಿನ್ ನದಿಯಲ್ಲಿ ಮೊಟ್ಟೆ ಇಡುವ ಹೆಣ್ಣುಗಳು ಬೆರಳೆಣಿಕೆಯಷ್ಟು. ದಡದ ಮೊಟ್ಟೆಗಳನ್ನು ತಂದು ಮರಿ ಮಾಡಿ, ಮಾಂಡಲೆಯ ಪಗೋಡಾ ಕೊಳದಲ್ಲಿ ಉಳಿದಿದ್ದ ಆಮೆಗಳನ್ನೂ ಸೇರಿಸಿ, 2020ರ ಹೊತ್ತಿಗೆ ಸಂಖ್ಯೆಯನ್ನು ಸಾವಿರದ ಸಮೀಪಕ್ಕೆ ತಂದರು. ಆಸ್ಟ್ರೇಲಿಯಾದ ಬೆಲಿಂಜರ್ ನದಿಯಲ್ಲಿ 2015ರಲ್ಲಿ ವೈರಸ್ ಬಡಿದು ಅಲ್ಲಿನ ಆಮೆಗಳಲ್ಲಿ ಬಹುಪಾಲು ಸತ್ತವು. ಅಂಥ ಕಡೆ ದಡ ಕಾದು ಏನು ಬಂತು?

ವಿರೋಧ: ಬಲೆ ಅಲ್ಲಿಯೇ ಇದ್ದರೆ ಮರಿ ಯಾರಿಗೆ?

ಮ್ಯಾನ್ಮಾರ್‌ನಂಥ ಕೊನೆಯುಸಿರಿನ ಸ್ಥಿತಿಗೆ ತಕರಾರಿಲ್ಲ. ಆದರೆ ಅದನ್ನು ತೋರಿಸಿ ಎಲ್ಲ ನದಿಗೂ ಸಾಕಣೆ ಕೊಳ ತೋಡುವುದು ಲೆಕ್ಕ ತಪ್ಪಿದ ಕೆಲಸ.

ಆಮೆ ಕೋಳಿಯಲ್ಲ. ಮೊಟ್ಟೆ ಇಡುವ ವಯಸ್ಸಿಗೆ ಬರಲು ಹಲವು ವರ್ಷ ಬೇಕು, ಆಮೇಲೆ ದಶಕಗಳ ಕಾಲ ಇಡುತ್ತದೆ. ದೊಡ್ಡ ಹೆಣ್ಣುಗಳಲ್ಲಿ ವರ್ಷಕ್ಕೆ ನೂರಕ್ಕೆ 5 ಸಾಯುತ್ತಿದ್ದರೆ ಒಂದೊಂದಕ್ಕೂ ಮುಂದೆ ಸರಾಸರಿ 20 ವರ್ಷ ಬಾಳುವ ಅವಕಾಶ. ಸಾವು 10ಕ್ಕೆ ಏರಿದರೆ ಅದು 10 ವರ್ಷಕ್ಕೆ ಇಳಿಯುತ್ತದೆ. ಅಂದರೆ ಒಂದು ಹೆಣ್ಣು ಜೀವಮಾನದಲ್ಲಿ ಇಡುವ ಮೊಟ್ಟೆಯೇ ಅರ್ಧ. ಅದನ್ನು ತುಂಬಲು ದೊಡ್ಡದಾಗುವ ಮರಿಗಳ ಪ್ರಮಾಣ ಇಮ್ಮಡಿಯಾಗಬೇಕು, ಅದೂ ಪ್ರತಿ ವರ್ಷ.

ಆ 5ನ್ನು 10 ಮಾಡುವುದು ಏನು? ರಾತ್ರಿಯಿಡೀ ನೀರಿನಲ್ಲಿ ಬಿಟ್ಟ ಗಿಲ್‌ನೆಟ್, ಅಂದರೆ ಮೀನಿನ ಕಿವಿರು ಸಿಕ್ಕಿಕೊಳ್ಳುವಂತೆ ಗೋಡೆಯಾಗಿ ನಿಲ್ಲಿಸುವ ಬಲೆ. ಆಮೆ ಉಸಿರಾಡಲು ಮೇಲೆ ಬರಲೇಬೇಕು, ಬಲೆಗೆ ಸಿಕ್ಕರೆ ಮುಳುಗಿ ಸಾಯುತ್ತದೆ. 2022ರಲ್ಲಿ ಸುಂದರಬನದಲ್ಲಿ ಜಿಪಿಎಸ್ ಅಂಟಿಸಿ ಬಿಟ್ಟ, ಅದೇ ಕುಲದ ಬಟಾಗುರ್ ಬಸ್ಕಾ ಆಮೆಗಳಲ್ಲಿ ಕೆಲವು ಬಾಂಗ್ಲಾದೇಶದ ಕಡೆ ಈಜಿ ಹೋಗಿ ಮೀನುಬಲೆಗೇ ಬಿದ್ದವು.

ಕೊಳದ ರೋಗಗಳೂ ಕಡಿಮೆಯಲ್ಲ. ಮರಿ ಹೆಚ್ಚಾದರೆ ಒಂದರ ಬಾಲ ಇನ್ನೊಂದು ಕಚ್ಚುತ್ತದೆ, ಗಾಯಕ್ಕೆ ಬೂಷ್ಟು ಹಿಡಿಯುತ್ತದೆ. ಬಿಸಿಲು ಕಾಯಿಸಲು ಜಾಗವಿಲ್ಲದಿದ್ದರೆ ಚಿಪ್ಪು ಮೆತ್ತಗಾಗುತ್ತದೆ. ಅನೇಕ ಜಾತಿಗಳಲ್ಲಿ ಮರಿ ಗಂಡೋ ಹೆಣ್ಣೋ ಎಂಬುದನ್ನು ಮರಳಿನ ಶಾಖವೇ ನಿರ್ಧರಿಸುವುದರಿಂದ, ಹ್ಯಾಚರಿಯ (ಮೊಟ್ಟೆ ಹೂಳಿ ಮರಿ ಮಾಡಿಸುವ ಜಾಗದ) ಮೇಲೆ ನೆರಳು ಹೆಚ್ಚಾದರೆ ಇಡೀ ವರ್ಷದ ಮರಿಗಳು ಒಂದೇ ಲಿಂಗಕ್ಕೆ ವಾಲಬಹುದು. ಸಣ್ಣ ಮರಿಯ ಮೈ ನೋಡಿ ಲಿಂಗ ತಿಳಿಯುವುದಿಲ್ಲವಾದ್ದರಿಂದ ತಪ್ಪು ಹೊರಬೀಳುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಗೂಡಿಗೆ ನರಿಯ ಕಾಟವಾದರೆ ಇದ್ದಲ್ಲಿಯೇ ತಂತಿಪಂಜರ ಹೊದಿಸಿ. ನೀರಿನ ಭಯವಾದರೆ ಅದೇ ದಡದ ಎತ್ತರಕ್ಕೆ ಸರಿಸಿ. ಕಾಸರಗೋಡಿನಲ್ಲಿ ಮುಳುಗಲಿದ್ದ ದೈತ್ಯ ಮೆತ್ತಾಮೆಯ (ಮೆತ್ತನೆ ಚಿಪ್ಪಿನ ದೊಡ್ಡ ಆಮೆ) ಮೊಟ್ಟೆಗಳನ್ನು ಊರಿನವರ ನೆರವಿನಿಂದ ಕಾದು, ಮರಿಗಳನ್ನು ಹೊಳೆಗೆ ಬಿಟ್ಟಿದ್ದಾರೆ. ಅಮೆಜಾನಿನ ಜುರುವಾ ನದಿಯಲ್ಲಿ ಹಳ್ಳಿಗರು ಮರಳುದಂಡೆಗಳನ್ನು ಕಾಯುತ್ತಾರೆ. ಆ ದಂಡೆಗಳಲ್ಲಿ ದೊಡ್ಡ ನದಿಯಾಮೆಗಳು ಮತ್ತೆ ಹೆಚ್ಚಿವೆ, ಕೊಳದ ಖರ್ಚಿಲ್ಲದೆ.

ಸಾಕಿದ ಮರಿ ಬಿಡುವ ದಿನ ಫೋಟೊ ಚೆನ್ನಾಗಿ ಬರುತ್ತದೆ, ನಿಜ. ಆದರೆ ಕೊಳದ ಪಂಪು, ಆಹಾರ, ಕಾವಲಿನ ಹಣದಲ್ಲಿ ಮೊಟ್ಟೆ ಕಾಲದ ಮೂರು ತಿಂಗಳು ಮೀನುಗಾರರಿಗೇ ದಡ ಕಾಯುವ ಕೂಲಿ ಕೊಡಬಹುದು. ಎಲ್ಲಿ ಯಾರ ಬಲೆ ಬಿದ್ದಿದೆ ಎಂಬುದು ಅವರಿಗೇ ಗೊತ್ತು.