ಸಂಪ್ರದಾಯದಿಂದ ಕೈ ತೊಳೆದುಕೊಂಡವರು

ಜಗಳ ಹುಟ್ಟಿದ್ದು ಊಟದ ಹೊತ್ತಿನಲ್ಲಿ. ಯೇಸುವಿನ ಶಿಷ್ಯರು ಕೈ ತೊಳೆಯದೆ ರೊಟ್ಟಿ ಮುರಿದರು. ಯೆರೂಸಲೇಮಿನಿಂದ ಬಂದಿದ್ದ ಶಾಸ್ತ್ರಿಗಳೂ ಫರಿಸಾಯರೆಂಬ ಕಟ್ಟುನಿಟ್ಟಿನ ಯಹೂದಿ ಪಂಥದವರೂ ನೋಡಿಬಿಟ್ಟರು. ಹಿರಿಯರ ಸಂಪ್ರದಾಯ ಎಲ್ಲಿ ಹೋಯಿತು ಎಂದು ಯೇಸುವನ್ನೇ ಹಿಡಿದು ಕೇಳಿದರು. ಪ್ರಶ್ನೆ ಕೊಳೆಯದ್ದಲ್ಲ, ಮಡಿಯದ್ದು. ಮೋಶೆಯ ಧರ್ಮಶಾಸ್ತ್ರ ಕೈಕಾಲು ತೊಳೆಯಲು ಹೇಳಿದ್ದು ದೇವರ ಆರಾಧನೆಯ ಗುಡಾರದೊಳಗೆ ಹೋಗುವ ಯಾಜಕರಿಗೆ. ಆ ನೀರನ್ನು ಮನೆಮನೆಯ ಊಟದವರೆಗೆ ಹರಿಸಿದ್ದು ಹಿರಿಯರು.

ಉತ್ತರ ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿದೆ: ದೇವರ ಆಜ್ಞೆ ಬಿಟ್ಟು ಮನುಷ್ಯರ ಸಂಪ್ರದಾಯ ಹಿಡಿದುಕೊಂಡಿದ್ದೀರಿ. ಬೇಕಿದ್ದರೆ ‘ಕೊರ್ಬಾನ್’ ನೋಡಿ. ‘ಇದು ದೇವರಿಗೆ ಮೀಸಲು’ ಅಂದುಬಿಟ್ಟರೆ ಸಾಕು, ಮುದಿ ಅಪ್ಪ ಅಮ್ಮನಿಗೆ ಕಾಸು ಬಿಚ್ಚಬೇಕಿಲ್ಲ. ದೇವರಂತೂ ಮರುದಿನವೇ ವಸೂಲಿಗೆ ಬರುವವನಲ್ಲ. (ಹೆತ್ತವರ ಗೌರವಕ್ಕಾಗಿ ಇಂಥ ಹರಕೆ ಸಡಿಲಿಸಬಹುದೆಂದು ವಾದಿಸಿದ ಗುರುವೂ ಯಹೂದಿ ಕಟ್ಟಳೆಗಳ ಹಳೆಯ ಸಂಗ್ರಹವಾದ ಮಿಷ್ನಾದಲ್ಲಿದ್ದಾರೆ. ಎದುರು ಪಾಳೆಯದ ಒಳ್ಳೆಯ ಮಾತನ್ನು ಉಪದೇಶದಲ್ಲಿ ಯಾರು ಎತ್ತುತ್ತಾರೆ?)

ಸರಿ, ಮನುಷ್ಯರ ಕಟ್ಟಳೆಗಳ ಕಾಟ ತಪ್ಪಿತು, ಇನ್ನು ಹೃದಯ ಶುದ್ಧವಿದ್ದರೆ ಸಾಕು ಎಂದು ನಿಟ್ಟುಸಿರು ಬಿಡುವಷ್ಟರಲ್ಲಿ ‘ದಿದಾಖೆ’ ಬಂತು. ಆದಿ ಕ್ರೈಸ್ತರ ಪುಟ್ಟ ಕೈಪಿಡಿ. ಕಪಟಿಗಳ ಹಾಗೆ ಉಪವಾಸ ಮಾಡಬೇಡಿ ಅನ್ನುತ್ತದೆ. ಆಹಾ, ಈಗ ಅಂತರಂಗದ ಮಾತು ಬರುತ್ತದೆ ಎಂದು ಕಿವಿ ನೆಟ್ಟಗೆ ಮಾಡಿದರೆ: ಅವರು ಸೋಮವಾರ, ಗುರುವಾರ ಮಾಡುತ್ತಾರೆ, ನೀವು ಬುಧವಾರ, ಶುಕ್ರವಾರ ಮಾಡಿ! ಪಾಪ, ಕಪಟ ಸೋಮವಾರಕ್ಕೇ ಅಂಟಿಕೊಂಡಿತ್ತು. ಬುಧವಾರಕ್ಕೆ ದಾಟುವ ದಾರಿ ಅದಕ್ಕೆ ತಿಳಿದಿರಲಿಲ್ಲ.

ನನಗೆ ಬಲು ಇಷ್ಟವಾದವನು ಉತ್ತರ ಆಫ್ರಿಕಾದ ಕಾರ್ಥೇಜಿನ ಆದಿ ಕ್ರೈಸ್ತ ಲೇಖಕ ತೆರ್ತುಲಿಯನ್. ಮದುವೆಯಾಗದ ಹುಡುಗಿಯರೂ ಮುಸುಕು ಹಾಕಲಿ ಎಂದು ಪಟ್ಟು ಹಿಡಿದ. ನಮ್ಮಲ್ಲಿ ಆ ರೂಢಿಯಿಲ್ಲ ಎಂದವರಿಗೆ ಅವನ ಏಟು: ಕ್ರಿಸ್ತ ತನ್ನನ್ನು ಸತ್ಯ ಎಂದು ಕರೆದುಕೊಂಡ, ರೂಢಿ ಎಂದಲ್ಲ. ಭೇಷ್! ಅದೇ ಆಸಾಮಿ ಇನ್ನೊಂದು ಕಡೆ, ಎಲೆಕಿರೀಟ ತೊಡಲು ಒಪ್ಪದ ಕ್ರೈಸ್ತ ಸೈನಿಕನ ಪರ ವಕಾಲತ್ತು ವಹಿಸಿದ. ತೊಡಬಾರದೆಂದು ಎಲ್ಲಿ ಬರೆದಿದೆ ಎಂದು ಯಾರೋ ಕೇಳಿದರು. ಬರೆಯದೇ ನಾವು ನಡೆಸಿಕೊಂಡು ಬಂದದ್ದು ಎಷ್ಟಿಲ್ಲ ಎಂದು ಪಟ್ಟಿ ಬಿಚ್ಚಿದ. ದೀಕ್ಷಾಸ್ನಾನದಲ್ಲಿ ಮೂರು ಮುಳುಗು. ಮೇಲೆದ್ದ ಮೇಲೆ ಹಾಲು-ಜೇನಿನ ಒಂದು ಗುಟುಕು. ಆಮೇಲೆ ಒಂದು ವಾರ ದಿನನಿತ್ಯದ ಸ್ನಾನವೇ ಇಲ್ಲ. ಚಪ್ಪಲಿ ಮೆಟ್ಟುವಾಗ, ದೀಪ ಹಚ್ಚುವಾಗ, ಕೂತಾಗ, ಎದ್ದಾಗ ಹಣೆಗೆ ಶಿಲುಬೆ ಗುರುತು. ಭಾನುವಾರ ಮಂಡಿಯೂರಿದರೆ ತಪ್ಪು. ಇದಕ್ಕೆಲ್ಲ ಶಾಸ್ತ್ರಾಧಾರ ಕೇಳಿದರೆ ಒಂದೂ ಸಿಗದು, ಸಂಪ್ರದಾಯವೇ ಆಧಾರ ಎಂದು ಅವನೇ ಬರೆದಿಟ್ಟಿದ್ದಾನೆ, ಎದೆ ತಟ್ಟಿಕೊಂಡು. ಕೈ ತೊಳೆಯದ್ದಕ್ಕೆ ಬೈಸಿಕೊಂಡವರ ಮನೆಯಲ್ಲಿ ಈಗ ಮೈ ತೊಳೆಯದಿರುವುದೇ ಮಡಿ!

ಮುಂದೆ ಕ್ರಿ.ಶ. 325ರಲ್ಲಿ ಈಗಿನ ತುರ್ಕಿಯಲ್ಲಿರುವ ನೈಸಿಯಾದಲ್ಲಿ ಬಿಷಪ್ಪರ ಮಹಾಸಭೆ ಸೇರಿತು. ಮಗನಾದ ಕ್ರಿಸ್ತನೂ ತಂದೆಯಾದ ದೇವರೂ ಒಂದೇ ತತ್ತ್ವವೋ ಅಲ್ಲವೋ ಎಂಬ ಆಕಾಶದೆತ್ತರದ ಚರ್ಚೆ ನಡೆಯಿತು. ಅದೆಲ್ಲ ಮುಗಿಸಿ 20 ನಿಯಮ ಬರೆದರು. ಕೊನೆಯದು ಹೀಗಿದೆ: ಕೆಲವರು ಭಾನುವಾರ ಮಂಡಿಯೂರುತ್ತಿದ್ದಾರೆ, ಎಲ್ಲ ಕಡೆ ಒಂದೇ ಕ್ರಮ ಇರಬೇಕಾದ್ದರಿಂದ ಆ ದಿನ ನಿಂತೇ ಪ್ರಾರ್ಥಿಸತಕ್ಕದ್ದು.

ಊಟಕ್ಕೆ ಮುಂಚೆ ಕೈ ತೊಳೆಯುವ ಬಗ್ಗೆ ಆ ಇಪ್ಪತ್ತರಲ್ಲಿ ಒಂದಕ್ಷರವೂ ಇಲ್ಲ.